ಪತ್ತೆಯಾಗದವರು: ಒಂದು

ಹಾವೇರಿ ಜಿಲ್ಲೆಯಾಗಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಅಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತೆಯಾಗಿದ್ದೆ. ಮನೆ ರಾಣೆಬೆನ್ನೂರಿನಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹಿಡಿದು ಬ್ಯಾಡಗಿ ದಾಟಿ ಹಾವೇರಿಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸು ಬರುವುದು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಸ್ಟೇಷನ್ ಬಂತೆಂದರೆ ಹೊಸಬರು ಸೀನತೊಡಗುತ್ತಿದ್ದರು. ನಾವು ದಿನಾ ಓಡಾಡುವವರು ಅಷ್ಟು ಹೊತ್ತಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಳಿತಿರುತ್ತಿದ್ದೆವು.

ನನ್ನ ಮೇಜಿನ ಕೆಲಸಗಳಲ್ಲಿ ಒಂದು, ತಿಂಗಳಿಗೊಮ್ಮೆ ಬೆಂಗಳೂರಿಗೆ ಕಳಿಸಬೇಕಾದ ಅಂಕಿಅಂಶದ ತಖ್ತೆ. ಅದರಲ್ಲಿ ಎರಡು ಭಾಗ. ಮೊದಲನೆಯದು ನಮ್ಮ ಜಿಲ್ಲೆಯಲ್ಲಿರುವ ವಿದೇಶಿಯರದು: ಎಷ್ಟು ಜನ ಇದ್ದಾರೆ, ಎಷ್ಟು ಜನ ಅವಧಿ ಮೀರಿ ಉಳಿದಿದ್ದಾರೆ, ಎಷ್ಟು ಜನರಿಗೆ ದೇಶ ಬಿಡಲು ನೋಟಿಸು ಕೊಟ್ಟಿದೆ, ಎಷ್ಟು ಜನರನ್ನು ಗಡಿಪಾರು ಮಾಡಿದೆ. ಎರಡನೆಯದು ಹೊರದೇಶಗಳಲ್ಲಿ ಸಿಕ್ಕಿಬಿದ್ದ ನಮ್ಮವರದು. ಕಾಗದಪತ್ರವಿಲ್ಲದೆ ಅಲ್ಲಿ ಬಂಧನದಲ್ಲಿರುವವರು ತಾವು ಇಂಥ ಊರಿನವರೆಂದು ಹೇಳಿದರೆ ವಿಚಾರಣೆಗಾಗಿ ಪತ್ರ ನಮ್ಮವರೆಗೆ ಬರಬೇಕು. ನಾವು ಹೌದೆಂದರೆ ಮಾತ್ರ ಆ ದೇಶದವರು ಅವರನ್ನು ಹಡಗೋ ವಿಮಾನವೋ ಹತ್ತಿಸಿ ಕಳಿಸುತ್ತಾರೆ. ಈ ಭಾಗದ ಕಾಲಮುಗಳು: ವಿಚಾರಣೆಗೆ ಬಂದವರು, ಗುರುತು ಖಚಿತವಾದವರು, ಪತ್ತೆಯಾಗದವರು, ಮರಳಿ ಬಂದವರು.

ಕೆಲಸ ಕಲಿಸಿದವರು ನಮ್ಮ ಹೆಡ್ ಕ್ಲರ್ಕು. ನಿವೃತ್ತಿಗೆ ಹತ್ತಿರ ಬಂದಿದ್ದ, ಎಲೆ ಅಡಿಕೆ ಹಾಕುವ, ಒಳ್ಳೆಯ ಮನಸ್ಸಿನ ಮನುಷ್ಯ.

"ಮೇಡಮ್ಮಾರ, ಇದ್ರಾಗ ತಲಿ ಕೆಡಿಸ್ಕೊಳ್ಳೂದು ಏನೂ ಇಲ್ರಿ," ಎಂದಿದ್ದರು. "ಹಿಂದಿನ ತಿಂಗಳದ್ದು ತಗೀರಿ, ತಿಂಗಳ ಹೆಸರು ಬದಲ ಮಾಡ್ರಿ, ಎಲ್ಲಾ ಕಡೆ ಸೊನ್ನಿ ಹಾಕ್ರಿ. ನಮ್ಮ ಕಡೆ ಯಾವ ಪರದೇಶದಾಂವ ಬರ್ತಾನ? ನಮ್ಮವ್ರರ ಎಲ್ಲಿ ಹೋಗ್ತಾರ?"

ಎರಡು ವರ್ಷ ಹಾಗೆಯೇ ಮಾಡಿದೆ. ಸೊನ್ನೆ ಹಾಕಿ ಹಾಕಿ ಅದು ನನಗೆ ಲೆಕ್ಕವೆಂದೇ ಅನ್ನಿಸದಂತಾಗಿತ್ತು.

ಮೂರನೇ ವರ್ಷದ ಮಳೆಗಾಲದಲ್ಲಿ ಒಂದು ಪತ್ರ ಬಂತು. ಕೊಲ್ಲಿಯ ದೇಶವೊಂದರ ಬಂಧನ ಶಿಬಿರದಲ್ಲಿ ಒಬ್ಬನಿದ್ದಾನೆ, ತಾನು ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನವನೆಂದು ಹೇಳುತ್ತಾನೆ, ವಿಚಾರಿಸಿ ತಿಳಿಸಿ ಎಂದು. ಒಂದು ಹೆಸರಿತ್ತು, ತಂದೆಯ ಹೆಸರಿತ್ತು. ಜೊತೆಗೆ ಒಂದು ಭಾವಚಿತ್ರ, ಅದೂ ಜೆರಾಕ್ಸಿನ ಜೆರಾಕ್ಸು. ಊರಿನ ಗ್ರಾಮಲೆಕ್ಕಿಗರಿಗೆ ಕಳಿಸಲೆಂದು ನಾನು ಇನ್ನೊಂದು ಪ್ರತಿ ತೆಗೆದರೆ ಮುಖದ ಜಾಗದಲ್ಲಿ ಕಪ್ಪು ಮಸಿ ಮಾತ್ರ ಬಂತು. ಇದನ್ನು ಕಳಿಸಿ ಏನುಪಯೋಗ ಎಂದುಕೊಂಡು ಭಾವಚಿತ್ರ ಬಿಟ್ಟು ಹೆಸರುಗಳನ್ನಷ್ಟೇ ಬರೆದು ಕಳಿಸಿದೆ. ಮೂಲ ಪ್ರತಿಯನ್ನಾದರೂ ಕೊಟ್ಟು ಕಳಿಸಬಹುದಿತ್ತು. ಅದು ನನಗೆ ಹೊಳೆಯಲಿಲ್ಲವೆಂದಲ್ಲ. ಹೊಳೆಯಿತು, ಆದರೆ ಅದಕ್ಕೆ ಇನ್ನೊಂದು ಟಿಪ್ಪಣಿ ಬರೆಯಬೇಕಿತ್ತು, ಇನ್ನೊಂದು ಸಹಿ ಬೇಕಿತ್ತು.

ಹದಿನೈದು ದಿನದಲ್ಲಿ ಉತ್ತರ ಬಂತು. ಆ ಹೆಸರಿನವರು ಊರಿನಲ್ಲಿ ಯಾರೂ ಇಲ್ಲ, ಮತದಾರರ ಪಟ್ಟಿಯಲ್ಲಿ ಇಲ್ಲ, ರೇಷನ್ ಕಾರ್ಡಿನಲ್ಲಿ ಇಲ್ಲ. ನಾನು ಅದನ್ನೇ ಚೆಂದವಾಗಿ ಟೈಪು ಮಾಡಿ ಬೆಂಗಳೂರಿಗೆ ಕಳಿಸಿದೆ. ಆ ತಿಂಗಳ ತಖ್ತೆಯಲ್ಲಿ 'ಪತ್ತೆಯಾಗದವರು' ಎಂಬ ಕಾಲಮಿನಲ್ಲಿ ಒಂದು ಎಂದು ಬರೆದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಎರಡು ವರ್ಷದ ಸೊನ್ನೆಗಳ ನಡುವೆ ಒಂದು ಅಂಕಿ ಕಂಡಾಗ ನನಗೆ ಸಣ್ಣ ಖುಷಿಯೇ ಆಗಿತ್ತು.

ಎಂಟು ತಿಂಗಳ ಮೇಲೆ ಎರಡನೇ ಪತ್ರ ಬಂತು. ಅದೇ ಶಿಬಿರ, ಅದೇ ಮನುಷ್ಯ, ಅದೇ ಊರು. ಆದರೆ ಹೆಸರು ಬೇರೆ. ಮೊದಲ ಹೆಸರು ತಾನು ತಂದಿದ್ದ ಪಾಸ್‌ಪೋರ್ಟಿನದು, ಅದು ತನ್ನದಲ್ಲ, ಏಜೆಂಟನೊಬ್ಬ ಇನ್ಯಾರದೋ ಪಾಸ್‌ಪೋರ್ಟಿಗೆ ತನ್ನ ಫೋಟೊ ಅಂಟಿಸಿ ಕೊಟ್ಟಿದ್ದ ಎಂದು ಈಗ ಒಪ್ಪಿಕೊಂಡಿದ್ದಾನೆ, ನಿಜವಾದ ಹೆಸರು ಇದು ಎಂದಿತ್ತು. ಈ ಸಲ ಭಾವಚಿತ್ರ ಸ್ವಚ್ಛವಾಗಿತ್ತು. ಮೂವತ್ತೈದರ ಸುಮಾರಿನ, ಕೆನ್ನೆ ಒಳಗೆ ಹೋದ, ಕ್ಯಾಮೆರಾದ ಕಡೆಗಲ್ಲದೆ ಸ್ವಲ್ಪ ಕೆಳಗೆ ನೋಡುತ್ತಿರುವ ಮುಖ. ರಾಯಭಾರ ಕಚೇರಿಯಿಂದ ಹೋಗಿ ಅವನನ್ನು ಮಾತಾಡಿಸಿದ ಯಾರೋ ಒಬ್ಬರು, ಪುಣ್ಯಾತ್ಮರು, ಅವನು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದರು. ಕೊನೆಯ ಸಾಲು ಹೀಗಿತ್ತು: ತಮ್ಮ ಮನೆಯ ಕುರಿಗಳಿಗೆ ಎಡಗಿವಿಯ ತುದಿ ಕತ್ತರಿಸಿ, ಬಲಗಿವಿಗೆ ಎರಡು ಸೀಳು ಹಾಕುವ ಗುರುತು ಇದೆ ಎಂದು ಹೇಳುತ್ತಾನೆ.

ಹೆಡ್ ಕ್ಲರ್ಕು ಅದನ್ನು ಓದಿ ನಕ್ಕರು. "ಕುರಿ ಕಿವಿ ನೋಡಿ ಮನಷ್ಯಾ ಯಾವ ದೇಶದಾಂವ ಅಂತ ಹೇಳಬೇಕೇನ್ರಿ ನಾವು?"

ನನಗೆ ನಗು ಬರಲಿಲ್ಲ. ಎಂಟು ತಿಂಗಳೆಂದರೆ ಎಷ್ಟು ದಿನ ಎಂದು ಮನಸ್ಸಿನಲ್ಲೇ ಗುಣಿಸುತ್ತಿದ್ದೆ. "ಸರ್, ಈ ಸಲ ನಾನ ಹೋಗಿ ಬರ್ತೇನ್ರಿ," ಎಂದೆ.

"ನಿಮ್ಗ್ಯಾಕ ಬೇಕ್ರಿ ಅದು? ಕಳಿಸಿದ್ರ ಗ್ರಾಮಲೆಕ್ಕಿಗರ ನೋಡ್ಕೊಂತಾರ."

"ಮೊದಲ್ನೇ ಸಲ ಫೋಟೊ ಕಳಿಸಿರಲಿಲ್ರಿ ನಾನು."

ಅವರು ಎಲೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ, "ಎರಡ್ನೇ ಶನಿವಾರ ಸೂಟಿ ಐತಲ್ಲ, ಹೋಗಿ ಬರ್ರಿ. ಆದ್ರ ಬರವಣಿಗಿ ಎಲ್ಲಾ ಕಾಯ್ದೆ ಪ್ರಕಾರ ಆಗಬೇಕ ಮತ್ತ," ಎಂದರು.

ಆ ಶನಿವಾರ ರಾಣೆಬೆನ್ನೂರಿನಿಂದ ಕುಪ್ಪೇಲೂರಿನ ಬಸ್ಸು ಹತ್ತಿದೆ. ಊರಲ್ಲಿಳಿದು ಗಿರಣಿಯ ಮುಂದೆ ಹಿಟ್ಟಿನ ಪುಟ್ಟಿ ಹೊತ್ತು ನಿಂತಿದ್ದ ಹೆಂಗಸೊಬ್ಬಳಿಗೆ ನಿಜವಾದ ಹೆಸರು ಹೇಳಿ ಕೇಳಿದೆ. ಆಕೆ ಕ್ಷಣವೂ ಯೋಚಿಸಲಿಲ್ಲ. "ಕುರಿಯವ್ರ ಮನಿಯಾಂವ ಅಲ್ರಿ? ಅಂವ ಊರ ಬಿಟ್ಟ ಆರೇಳ ವರ್ಷ ಆತು. ಅವ್ವ ಅದಾಳ ನೋಡ್ರಿ, ಆ ಬೇವಿನ ಗಿಡದ ಮಗ್ಗಲ ಮನಿ," ಎಂದಳು. ಹೆಸರು ಸರಿಯಿದ್ದರೆ ಸಾಕಾಗಿತ್ತು. ಅಷ್ಟು ಸುಲಭವಿತ್ತು.

ಮನೆಯ ಕಟ್ಟೆಯ ಮೇಲೆ ವಯಸ್ಸಾದ ತಾಯಿ ಕುಳಿತು ಉಣ್ಣೆ ಬಿಡಿಸುತ್ತಿದ್ದಳು. ನಾನು ಹಾವೇರಿಯಿಂದ ಬಂದವಳು, ಕಚೇರಿಯವಳು ಎಂದೊಡನೆ ಕೈ ನಿಂತಿತು. "ಕುಂದ್ರಿ," ಎಂದಳು. ನೀರು ತಂದುಕೊಟ್ಟಳು. ಮಗನ ವಿಷಯ ಎತ್ತಿದಾಗ ಮುಖ ಗಟ್ಟಿಯಾಯಿತು.

"ಅಂವ ಎಲ್ಲಿ ಹೋಗ್ಯಾನೋ ನಮಗ ಗೊತ್ತಿಲ್ರಿ ಬಾಯಾರ. ದುಬೈಗಂತೂ ಹೋಗಿಲ್ಲ." ಊರವರಿಗೆ ಕೊಲ್ಲಿಯ ದೇಶಗಳೆಲ್ಲ ದುಬೈಯೇ. ನಾನು ದುಬೈಯ ಹೆಸರು ಎತ್ತಿರಲಿಲ್ಲ.

ಚೀಲದಿಂದ ಭಾವಚಿತ್ರ ತೆಗೆದು ಅವಳ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದಳು. ನೋಡಿ, ಮುಖ ಆಚೆ ತಿರುಗಿಸಿ, "ಈತ ನನ್ನ ಮಗಾ ಅಲ್ರಿ. ಬ್ಯಾರೆ ಯಾರೋ ಇರಬೇಕು," ಎಂದಳು.

ನಾನು ನಂಬಿಬಿಡುತ್ತಿದ್ದೆನೋ ಏನೋ. ತಾಯಿಯೇ ಅಲ್ಲವೆಂದ ಮೇಲೆ ಇನ್ನೇನು? ಫೈಲಿಗೆ ಅಷ್ಟು ಸಾಕು. ಏಳಲೆಂದು ಕಟ್ಟೆಗೆ ಕೈಯೂರಿದಾಗ ಬಾಗಿಲ ಪಕ್ಕ ಕಟ್ಟಿದ್ದ ಎರಡು ಕುರಿಗಳು ಕಂಡವು. ಹುಲ್ಲಿಗೆ ತಲೆ ಹಾಕಿದ್ದವು. ಹತ್ತಿರ ಹೋಗಿ ಬಗ್ಗಿ ನೋಡಿದೆ. ಎರಡಕ್ಕೂ ಎಡಗಿವಿಯ ತುದಿ ಇರಲಿಲ್ಲ. ಬಲಗಿವಿಯಲ್ಲಿ ಎರಡು ಸೀಳು.

"ಈ ಕುರಿ ಯಾರವ್ರಿ ಯವ್ವಾ?"

"ನಮ್ಮವ್ರಿ."

"ಈ ಕಿವಿ ಗುರುತು ಊರಾಗ ಮತ್ಯಾರ ಹಾಕ್ತಾರ?"

"ಯಾರೂ ಹಾಕಂಗಿಲ್ರಿ. ಒಬ್ಬೊಬ್ರದು ಒಂದೊಂದು ಇರತೈತಿ. ಇದು ನಮ್ಮ ಮಾವನ ಕಾಲದಿಂದ ನಮ್ಮನಿದು."

ನಾನು ಪತ್ರ ಬಿಚ್ಚಿ ಕೊನೆಯ ಸಾಲನ್ನು ಅವಳಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಿದೆ. ಅಷ್ಟು ದೂರದಲ್ಲಿ, ಬಂಧನದಲ್ಲಿ ಕುಳಿತು ಒಬ್ಬ ಇದನ್ನು ಹೇಳಿದ್ದಾನೆ ಎಂದೆ. ಅವಳು ಉಣ್ಣೆಯನ್ನು ಮಡಿಲಿಗೆ ಒತ್ತಿಕೊಂಡಳು. ಅಳಲಿಲ್ಲ. "ಆ ಏಜೆಂಟ ಹೇಳಿದ್ರಿ, ಸರಕಾರದವ್ರ ಬಂದ ಕೇಳಿದ್ರ ಬಾಯಿ ಬಿಡಬ್ಯಾಡ್ರಿ, ಕಳ್ಳ ಪಾಸ್‌ಪೋರ್ಟಿನ ಮ್ಯಾಲೆ ಹೋದಾಂವನ್ನ ಜೇಲಿಗೆ ಹಾಕ್ತಾರ ಅಂತ. ಮೊದ್ಲೂ ಒಬ್ಬಾತ ಬಂದ ಆ ಪಾಸ್‌ಪೋರ್ಟಿನ ಹೆಸರ ಹೇಳಿ ಕೇಳಿದ. ನನಗ ಗೊತ್ತಾತು. ಇಲ್ಲ ಅಂದೆ," ಎಂದಳು. ಉಣ್ಣೆಯ ಎಳೆ ಬಿಡಿಸುತ್ತ, "ಸೊಸಿ ಬ್ಯಾಡಗ್ಯಾಗ ತೌರಮನ್ಯಾಗ ಅದಾಳ, ಸುಗ್ಗಿ ಕೆಲಸಕ್ಕ. ಆಕಿನ್ನ ಕೇಳ್ರಿ. ನನಗ ತಿಳಿಯಾಂಗಿಲ್ಲ," ಎಂದಳು.

ಸೋಮವಾರ ಕಚೇರಿಗೆ ಹೋಗುವ ದಾರಿಯಲ್ಲಿ ಬ್ಯಾಡಗಿಯಲ್ಲೇ ಇಳಿದೆ. ಮಾರುಕಟ್ಟೆಯ ಹಿಂದಿನ ಒಂದು ಗೋದಾಮಿನಲ್ಲಿ ಇಪ್ಪತ್ತು ಮೂವತ್ತು ಹೆಂಗಸರು ಮೆಣಸಿನಕಾಯಿ ರಾಶಿಗಳ ಸುತ್ತ ಕುಳಿತು ತೊಟ್ಟು ಬಿಡಿಸುತ್ತಿದ್ದರು. ಎಲ್ಲರ ಮುಖಕ್ಕೂ ಬಟ್ಟೆ. ಹೆಸರು ಕೂಗಿದಾಗ ಒಬ್ಬಳು ಎದ್ದು ಹೊರಗೆ ಬಂದು ಬಟ್ಟೆ ಇಳಿಸಿದಳು. ಮೂವತ್ತರೊಳಗಿನ, ನೆಟ್ಟಗೆ ನೋಡಿ ಮಾತಾಡುವ ಹೆಂಗಸು. ಭಾವಚಿತ್ರ ಕೊಡಹೋದೆ. ಕೈ ಹಿಂದಕ್ಕೆ ತೆಗೆದುಕೊಂಡಳು.

"ಕೈಯಾಗ ಖಾರ ಐತ್ರಿ. ನೀವ ಹಿಡೀರಿ, ನೋಡ್ತೇನಿ."

ನಾನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಅವಳು ಬಗ್ಗಿ, ಮುಖವನ್ನು ಹತ್ತಿರ ತಂದು ನೋಡಿದಳು. "ಸೊರಗ್ಯಾನ," ಎಂದಳು. ಹಮಾಲರು ಚೀಲ ಹೊತ್ತು ಬಂದರು, ನಾವು ಗೋಡೆಯ ಕಡೆ ಸರಿದು ನಿಂತೆವು.

ಆಮೇಲೆ ಅವಳು ಎಲ್ಲ ಹೇಳಿದಳು. ಹುಬ್ಬಳ್ಳಿಯ ಏಜೆಂಟ ಡ್ರೈವರ್ ಕೆಲಸವೆಂದು ಕರೆದೊಯ್ದ. ಅಲ್ಲಿ ಹೋದ ಮೇಲೆ ಮರಳುಗಾಡಿನಲ್ಲಿ ಕುರಿ ಕಾಯಲು ಬಿಟ್ಟರು. ಮೊದಲ ಎರಡು ವರ್ಷ ಆಗಾಗ ಊರಿನ ಕಿರಾಣಿ ಅಂಗಡಿಗೆ ಫೋನು ಬರುತ್ತಿತ್ತು. ಕೊನೆಯ ಸಲ, ಮಾಲೀಕ ಊರಿಗೆ ಬಿಡುತ್ತಿಲ್ಲ, ಓಡಿಹೋಗುತ್ತೇನೆ ಎಂದಿದ್ದನಂತೆ. ಮುಂದೆ ಫೋನಿಲ್ಲ.

"ಈಗ ನಾ ಹೌದು ಅಂದ್ರ ಇಲ್ಲಿ ಬಂದ ಮ್ಯಾಲೆ ಅವನ್ನ ಜೇಲಿಗೆ ಹಾಕ್ತಾರೇನ್ರಿ?"

ಸುಳ್ಳು ಸಮಾಧಾನ ಹೇಳಬಹುದಿತ್ತು. "ನನಗ ಖರೇನ ಗೊತ್ತಿಲ್ಲವ್ವಾ," ಎಂದೆ. "ಕೇಸು ಆಗಬಹುದು. ಆದ್ರ ಇಲ್ಲ ಅಂದ್ರ ಅಂವ ಅಲ್ಲೇ ಉಳೀತಾನ. ಅದಂತೂ ಗೊತ್ತೈತಿ."

ಅವಳು ಮುಖದ ಬಟ್ಟೆಯನ್ನು ಮತ್ತೆ ಕಟ್ಟಿಕೊಳ್ಳುತ್ತ ಯೋಚಿಸಿದಳು. "ಬರ್ಲಿ ಬಿಡ್ರಿ. ಜೇಲಾದ್ರ ಬುತ್ತಿ ಕಟಗೊಂಡು ಹೋಗಿ ನೋಡಿ ಬರಬಹುದು. ಎಲ್ಲಿ ಸಹಿ ಮಾಡ್ಬೇಕ ಹೇಳ್ರಿ."

ಅವಳ ಹೇಳಿಕೆ, ಮದುವೆಯ ಫೋಟೊ, ಕುಪ್ಪೇಲೂರಿನ ಶಾಲೆಯ ದಾಖಲಾತಿ ಪುಸ್ತಕದಿಂದ ಅವನ ಹೆಸರಿನ ಪ್ರತಿ ಎಲ್ಲ ಸೇರಿಸಿ ಉತ್ತರ ತಯಾರಿಸಿದೆ. ಕುರಿಗಳ ಕಿವಿಯ ಗುರುತನ್ನು ನಾನೇ ಕಣ್ಣಾರೆ ಕಂಡೆನೆಂದೂ ಬರೆದೆ. ಹೆಡ್ ಕ್ಲರ್ಕು ಕರಡಿನಲ್ಲಿ ಆ ಸಾಲಿಗೆ ಕೆಂಪು ಗೀಟು ಎಳೆದರು. ಇದು ಸರ್ಕಾರಿ ಪತ್ರ, ಇಂಥದ್ದೆಲ್ಲ ಬೇಡ ಎಂದರು. ನಾನು ವಾದಿಸಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಬಂದವರು ಕರಡನ್ನು ಮತ್ತೆ ಕೇಳಿ ಪಡೆದು, ಗೀಟಿನ ಪಕ್ಕ 'ಇರಲಿ' ಎಂದು ಬರೆದು ವಾಪಸು ಕೊಟ್ಟರು.

"ಅಲ್ಲಿ ಯಾರೋ ಅದನ್ನ ಕುಂತು ಬರಕೊಂಡಾರಲ್ರಿ. ಅವ್ರಿಗೂ ಒಂದು ಉತ್ತರಾ ಬೇಕು," ಎಂದರು.

ಪತ್ರ ಹೋಯಿತು. ಒಂದು ತಿಂಗಳು, ಎರಡು ತಿಂಗಳು ಏನೂ ತಿಳಿಯಲಿಲ್ಲ. ತಖ್ತೆಯಲ್ಲಿ ಖಚಿತವಾದವರು ಒಂದು, ಮರಳಿ ಬಂದವರು ಸೊನ್ನೆ. ಬೆಳಗಿನ ರೈಲು ಬ್ಯಾಡಗಿಯಲ್ಲಿ ನಿಂತಾಗ ಕೆಲವೊಮ್ಮೆ ಅವನ ಹೆಂಡತಿ ಪ್ಲಾಟ್‌ಫಾರ್ಮಿಗೆ ಬಂದು ಕಿಟಕಿಗಳಲ್ಲಿ ನನ್ನನ್ನು ಹುಡುಕುತ್ತಿದ್ದಳು. ನಾನು ಕೈಯಾಡಿಸಿ ಇನ್ನೂ ಇಲ್ಲವೆನ್ನುತ್ತಿದ್ದೆ. ಅವಳು ತಲೆಯಾಡಿಸಿ ಕೆಲಸಕ್ಕೆ ಹೋಗುತ್ತಿದ್ದಳು. ಸುದ್ದಿಯಿಲ್ಲದ ದಿನ ಅವಳ ಮುಖ ತಪ್ಪಿಸಬೇಕೆಂದು ಒಂದೆರಡು ಸಲ ನಾನು ಆಚೆ ಬದಿಯ ಕಿಟಕಿಗೆ ಕುಳಿತದ್ದೂ ಉಂಟು.

ನಾಲ್ಕನೇ ತಿಂಗಳಲ್ಲಿ ಒಂದು ದಿನ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಅವನು ಭಾವಚಿತ್ರಕ್ಕಿಂತ ಕುಳ್ಳಗಿದ್ದ, ಭಾವಚಿತ್ರದಲ್ಲಿ ಎತ್ತರ ಹೇಗೆ ತಿಳಿದೀತು ಎಂದು ಆಮೇಲೆ ನನಗೇ ಅನ್ನಿಸಿತು. ಮುಂಬೈಯಲ್ಲಿ ಇಳಿಸಿದ್ದರಂತೆ. ಅಲ್ಲಿ ಒಂದು ದಿನ ಕೂರಿಸಿಕೊಂಡು ಏಜೆಂಟನ ಬಗ್ಗೆ ಕೇಳಿ, ಕರೆದಾಗ ಬರಬೇಕೆಂದು ಬರೆಸಿಕೊಂಡು ಬಿಟ್ಟರಂತೆ. ಕೈಯಲ್ಲಿ ಒಂದೇ ಹಾಳೆಯ ಪ್ರಯಾಣ ಪತ್ರವಿತ್ತು. ರೇಷನ್ ಕಾರ್ಡಿನಲ್ಲಿ ಅವನ ಹೆಸರು ಮತ್ತೆ ಸೇರಿಸಬೇಕೆಂದು, ಅದಕ್ಕೆ ಏನು ಮಾಡಬೇಕೆಂದು ಕೇಳಲು ಬಂದಿದ್ದರು.

ಕೂರಿಸಿ ಚಹಾ ತರಿಸಿದೆ. ಅವನು ಮೆಲ್ಲಗೆ ಮಾತಾಡುತ್ತಿದ್ದ. ಶಿಬಿರದಲ್ಲಿ ದಿನಾ ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಎಣಿಸುತ್ತಿದ್ದರಂತೆ. ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ. "ನಾ ಕುರಿ ಎಣಿಸ್ತಿದ್ನಲ್ರಿ, ಹಂಗ," ಎಂದ. "ಅವ್ರಿಗೆ ಎಣಸಾಕ ಬರ್ತಿರಲಿಲ್ಲ. ಬಿಸಲಾಗ ನಿಂತು ನಮಗ ಸಾಕಾಗಿ ಹೋಗ್ತಿತ್ತು."

ಹೆಂಡತಿ ನಕ್ಕಳು. ನಾನೂ ನಕ್ಕೆ. ಆಮೇಲೆ ಹೇಳಿಬಿಡಬೇಕೆನಿಸಿತು. ಹೇಳದೆ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಮೊದಲನೇ ಪತ್ರ ಬಂದಾಗ ಇಲ್ಲ ಅಂತ ಬರದಾಕಿ ನಾನ," ಎಂದೆ. "ನಿಮ್ಮ ಫೋಟೊ ನನ್ನ ಹಂತೇಕ ಇತ್ತು. ಊರಿಗೆ ಕಳಿಸಲಿಲ್ಲ. ಕಳಿಸಿದ್ರ ಯಾರರ ಗುರತ ಹಿಡೀತಿದ್ರು. ಎಂಟು ತಿಂಗಳು ಮೊದಲ ಬರ್ತಿದ್ರಿ ನೀವು."

ಅವನು ಕಪ್ಪು ಕೆಳಗಿಟ್ಟ. ಹೆಂಡತಿ ನನ್ನ ಮುಖ ನೋಡಿದಳು, ಆಮೇಲೆ ಅವನ ಮುಖ.

"ನಮ್ಮವ್ವನೂ ಇಲ್ಲ ಅಂದಿದ್ಳಂತ್ರಿ," ಎಂದ. "ನಾನೂ ಮೊದಲ ಸುಳ್ಳ ಹೆಸರ ಹೇಳೀನಿ. ನಿಮ್ಮೊಬ್ರದ ಏನೈತ್ರಿ ಅದ್ರಾಗ." ಕಪ್ಪನ್ನು ಪಕ್ಕಕ್ಕೆ ಸರಿಸಿ, "ಆದ್ರ ಆ ಎಂಟ ತಿಂಗಳ ಭಾಳ ಉದ್ದ ಆತ್ರಿ ಬಾಯಾರ," ಎಂದ.

ದೂರುವ ದನಿಯಲ್ಲಿ ಅಲ್ಲ. ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ತಿಳಿಸುವ ದನಿಯಲ್ಲಿ. ನಾನು ಹೌದು ಎಂದೆ. ಆಮೇಲೆ ರೇಷನ್ ಕಾರ್ಡಿನ ಅರ್ಜಿಯನ್ನು ನಾನೇ ಬರೆದುಕೊಟ್ಟೆ.

ಆ ವರ್ಷದ ಕೊನೆಗೆ ಬೆಂಗಳೂರಿನಿಂದ ಎಲ್ಲ ಜಿಲ್ಲೆಗಳ ಅಂಕಿಗಳನ್ನು ಒಟ್ಟು ಮಾಡಿದ ಮುದ್ರಿತ ಪಟ್ಟಿ ಬಂತು. ಹಿಂದೆ ಅಂಥವನ್ನು ಬಿಚ್ಚಿಯೂ ನೋಡದೆ ಫೈಲಿಗೆ ಸೇರಿಸುತ್ತಿದ್ದೆ. ಈ ಸಲ ಹಾವೇರಿಯ ಸಾಲಿಗೆ ಬೆರಳಿಟ್ಟು ಹೋದೆ. ಮರಳಿ ಬಂದವರು: ಒಂದು. ಅದರ ಮೇಲೂ ಕೆಳಗೂ ಬೇರೆ ಜಿಲ್ಲೆಗಳ ದೊಡ್ಡ ಅಂಕಿಗಳಿದ್ದವು. ಎಷ್ಟೋ ಹೊತ್ತು 'ಪತ್ತೆಯಾಗದವರು' ಎಂಬ ಕಾಲಮನ್ನೇ ನೋಡುತ್ತ ಕುಳಿತೆ. ಅವುಗಳಲ್ಲಿ ಎಷ್ಟು ನಿಜವಾಗಿಯೂ ಪತ್ತೆಯಾಗದವು, ಎಷ್ಟು ನನ್ನಂಥವರು ಜೆರಾಕ್ಸು ಕಪ್ಪಾಯಿತೆಂದು ಬಿಟ್ಟವು, ಪಟ್ಟಿ ಹೇಳುವುದಿಲ್ಲ.

ಅವನ ಕೇಸು ದೊಡ್ಡದಾಗಲಿಲ್ಲ. ಎರಡು ಸಲ ಕರೆಸಿ ಹೇಳಿಕೆ ಪಡೆದರು. ಹುಬ್ಬಳ್ಳಿಯಲ್ಲಿ ಏಜೆಂಟನ ಕಚೇರಿಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು, ಏಜೆಂಟ ಸಿಗಲಿಲ್ಲ. ಅವನು ಮನೆಯ ಎರಡು ಕುರಿಗಳ ಜೊತೆಗೆ ಊರವರ ಕುರಿಗಳನ್ನೂ ಸೇರಿಸಿಕೊಂಡು ಮೇಯಿಸತೊಡಗಿದ. ಹೆಂಡತಿ ಸುಗ್ಗಿಯಲ್ಲಿ ಬ್ಯಾಡಗಿಗೆ ಬರುವುದನ್ನು ಬಿಡಲಿಲ್ಲ. ರೈಲಿನ ಕಿಟಕಿಯಲ್ಲಿ ಕಂಡರೆ ಈಗ ನಿಂತು ನಾಲ್ಕು ಮಾತಾಡುತ್ತಿದ್ದಳು.

ಒಂದೆರಡು ವರ್ಷದ ಮೇಲೆ, ಶ್ರಾವಣದ ಒಂದು ಶನಿವಾರ, ಕದರಮಂಡಲಗಿಯ ಆಂಜನೇಯನ ಗುಡಿಗೆ ಹೋಗಿದ್ದೆ. ದರ್ಶನ ಮುಗಿಸಿ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಾಗ ಯಾರೋ ಪಕ್ಕದಲ್ಲಿ ಬಂದು ಕುಳಿತರು. ಅವನ ತಾಯಿ. ಅವಳೇ ನನ್ನ ಗುರುತು ಹಿಡಿದಿದ್ದಳು. ಮಗ ಬಂದರೆ ಪ್ರತಿ ಶ್ರಾವಣ ಬರುತ್ತೇನೆಂದು ಹರಕೆ ಹೊತ್ತಿದ್ದಳಂತೆ.

"ಅವತ್ತ ನಿಮ್ಮ ಮುಂದ ಸುಳ್ಳ ಹೇಳೀನ್ರಿ ಬಾಯಾರ," ಎಂದಳು. "ನನ್ನ ಮಗಾ ಅಲ್ಲ ಅಂತ ಬಾಯಿಲೆ ಅಂದಮ್ಯಾಲೆ ನನಗ ಭಾಳ ದಿವಸ ರೊಟ್ಟಿ ಸೇರಲಿಲ್ಲ. ಅವನ ಮುಂದ ಹೇಳೀನಿ. ಹೋಗ್ಲಿ ಬಿಡಬೇ ಅಂತಾನ. ಅಂವ ಹಂಗಂದ್ರೂ ನನಗ ಹೋಗೂದಿಲ್ಲ ಅದು."

"ನಂದೂ ಹಂಗ ಯವ್ವಾ," ಎಂದೆ.

ಅವಳು ತಲೆಯಾಡಿಸಿದಳು. ಮಗ ನನ್ನ ವಿಷಯವನ್ನೂ ಹೇಳಿರಬೇಕು. ಸೆರಗಿನ ಗಂಟು ಬಿಚ್ಚಿ, ಪ್ರಸಾದದ ತೆಂಗಿನ ಹೋಳನ್ನು ಕಟ್ಟೆಯ ಅಂಚಿಗೆ ಕುಟ್ಟಿ ಎರಡು ಮಾಡಿ, ದೊಡ್ಡ ತುಂಡನ್ನು ನನ್ನ ಕೈಗೆ ಕೊಟ್ಟಳು. ಬಸ್ಸು ಬರುವವರೆಗೆ ನಾವಿಬ್ಬರೂ ಅದನ್ನು ತಿನ್ನುತ್ತ, ಈ ವರ್ಷ ಮಳೆ ಹೇಗಿದೆ, ಕುರಿಗೆ ಮೇವು ಎಲ್ಲಿ ಸಿಗುತ್ತಿದೆ ಎಂದು ಮಾತಾಡುತ್ತ ಕುಳಿತೆವು.